ಡಬ್ಬಿ ಒಡೆಯದ ಕ್ಯಾಮೆರಾ

ಅತ್ತೆ ಮೆಟ್ಟಿಲಲ್ಲಿ ಜಾರಿ ಬಿದ್ದ ಮೇಲೆ, ಮನೆಯೊಳಗೂ ಕ್ಯಾಮೆರಾ ಇರಲಿ ಎಂದು ಹೆಂಡತಿ ಹಟ ಹಿಡಿದಳು. ಮೂಲೆ ಸೇರಿದ್ದ ಹಳೆಯ ಕಂಪ್ಯೂಟರಿನ ಧೂಳು ಕೊಡವಿ, ಕ್ಯಾಮೆರಾಗಳ ಚಿತ್ರ ನೋಡಲೆಂದೇ ಅದನ್ನು ಸಿದ್ಧಮಾಡಿದೆ. ಬಾಗಿಲಿನ ಕ್ಯಾಮೆರಾ, ಹಿತ್ತಲಿನ ಕ್ಯಾಮೆರಾ ಗೋಡೆ ಏರಿದವು. ಮೆಟ್ಟಿಲಿನದು ಮಾತ್ರ ಕರೆಂಟಿನ ಮುಖವನ್ನೇ ಕಾಣದೆ ಇನ್ನೂ ಡಬ್ಬಿಯಲ್ಲಿತ್ತು. ಅದನ್ನು ಕೂರಿಸಬೇಕಾದ ಕಡೆ, ಚಾವಣಿಯ ಕೆಳಗೆ, ಪೆನ್ಸಿಲಿನಲ್ಲಿ ಗುರುತು ಹಾಕಿದ್ದೆ, ಅಷ್ಟೇ.

ಕಂಪ್ಯೂಟರ್ ಆನ್ ಮಾಡಿದರೆ ಮೂರು ಚಿತ್ರ ಬಂದವು. ಮೂರನೆಯದು ನಮ್ಮ ಮೆಟ್ಟಿಲು, ಆ ಗುರುತಿನಿಂದ ಕಂಡಂತೆ. ಚಿತ್ರದ ಮೂಲೆಯಲ್ಲೊಂದು ಜೇಡರ ಬಲೆ ತೂಗಾಡುತ್ತಿತ್ತು.

ನನಗೆ ಹೆದರಿಕೆಗಿಂತ ಕುತೂಹಲವೇ ಹೆಚ್ಚಾಯಿತು. ಏಣಿ ಹತ್ತಿ ಗುರುತಿನ ಮೇಲೆ ಅಂಗೈ ಇಟ್ಟೆ. ಗೋಡೆ ಅಷ್ಟಗಲ ಮಾತ್ರ ಬೆಚ್ಚಗಿತ್ತು.

"ರೀ, ಈಗ ಏನೂ ಕಾಣ್ತಿಲ್ಲ, ಬರೀ ಕತ್ತಲೆ," ಎಂದಳು ಕಂಪ್ಯೂಟರಿನ ಮುಂದಿದ್ದ ಹೆಂಡತಿ. ಕೈ ತೆಗೆದೆ. "ಈಗ ನಿಮ್ಮ ಮುಖ ಕಾಣ್ತಿದೆ. ಮೊದಲು ಕೆಳಗಿಳೀರಿ."

ಇಳಿದು, ಏಣಿಯನ್ನು ಹಿತ್ತಲಿನಲ್ಲಿಟ್ಟು ಬಂದೆ. ಅತ್ತೆಯೂ ಕೋಲೂರಿಕೊಂಡು ಬಂದು ನಮ್ಮ ಪಕ್ಕ ಕುಳಿತರು. ಮೂವರೂ ನೋಡುತ್ತಿದ್ದಂತೆ ಹಳದಿ ಬಟ್ಟೆಯೊಂದು ಪರದೆ ತುಂಬ ಬಂದು, ಕನ್ನಡಕ ಒರೆಸುವಷ್ಟು ನಾಜೂಕಾಗಿ ಚಿತ್ರವನ್ನು ಒರೆಸಿತು. ಜೇಡರ ಬಲೆ ಹೋಯಿತು. ಮೆಟ್ಟಿಲು ಸ್ವಚ್ಛವಾಗಿ ಕಂಡಿತು. ಅಲ್ಲಿ ಯಾರೂ ಇರಲಿಲ್ಲ.

"ಅದು ನಮ್ಮ ಅಡುಗೆಮನೆ ಬಟ್ಟೆ ಅಲ್ವೇನೇ?" ಎಂದು ಅತ್ತೆ ಮಗಳನ್ನು ಕೇಳಿದರು.

ನಾನೇ ಹೋಗಿ ನೋಡಿದೆ. ಬಟ್ಟೆ ಎಂದಿನ ಮೊಳೆಯಲ್ಲೇ ನೇತಾಡುತ್ತಿತ್ತು. ಅದರ ತುದಿಗೆ ಬಲೆ ಅಂಟಿತ್ತು. ಬಲೆಯಲ್ಲಿ ಜೇಡ ಇನ್ನೂ ಕಾಲಾಡಿಸುತ್ತಿತ್ತು.