ಎಡಗೈಯ ಸನ್ನೆ

ಗುಂಪಿನ ಫೋಟೋ ತೆಗೆಯುವವನು ಯಾವ ಕೈಯಿಂದ ಸನ್ನೆ ಮಾಡಬೇಕು ಎಂಬುದು ಮನುಕುಲದ ಮುಂದಿರುವ ಗಂಭೀರ ಪ್ರಶ್ನೆಗಳಲ್ಲಿ ಒಂದು. ಉಳಿದ ಲೋಕ ಇದನ್ನು ಹಗುರವಾಗಿ ತೆಗೆದುಕೊಂಡಿರಬಹುದು. ನಮ್ಮ ಊರು ಮಾಂಪೊಂಗ್ ತೆಗೆದುಕೊಂಡಿಲ್ಲ. ಇಲ್ಲಿ ಹಿರಿಯರತ್ತ ಎಡಗೈ ಬೀಸಿದವನು ಅವರ ಮುಖಕ್ಕೆ ಉಗಿದವನಿಗಿಂತ ಸ್ವಲ್ಪವೇ ಮೇಲು.

ಫೋಟೋ ಅಂಗಡಿಯ ಅದೊಮಾಕೊ ಬೀಸಿದ. ಅದೂ ಕುಲದ ಯಜಮಾನ ಒಪಾನಿನ್ ಕ್ವಾರ್ಟೆಂಗರ ತಾಯಿ ತೀರಿಕೊಂಡು ಮಣ್ಣು ಮಾಡಿದ ಶನಿವಾರ, ಕಪ್ಪು ಕೆಂಪು ಬಟ್ಟೆ ಹೊದ್ದ ಇಡೀ ಬಳಗದ ಎದುರು.

ಅಂಗಳದ ಈ ತುದಿಯಿಂದ ಆ ತುದಿಗೆ ನಿಂತ ಬಳಗ ಒಂದು ಚಿತ್ರದಲ್ಲಿ ಹಿಡಿಸುವುದಿಲ್ಲ. ಸ್ಟ್ಯಾಂಡಿನ ಮೇಲೆ ಕ್ಯಾಮೆರಾವನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತ ತುಂಡುತುಂಡಾಗಿ ತೆಗೆದು, ಆಮೇಲೆ ಕಂಪ್ಯೂಟರಿನಲ್ಲಿ ಜೋಡಿಸಬೇಕು. ಅವನ ಹಳೆಯ ಡಿಎಸ್‌ಎಲ್‌ಆರ್‌ನ ಗುಂಡಿ ಬಲಗಡೆ. ಬಲಗೈ ಗುಂಡಿಯ ಮೇಲೆ, ಕಣ್ಣು ಕಿಂಡಿಯಲ್ಲಿ. ‘ಸ್ವಲ್ಪ ಒತ್ತೊತ್ತಾಗಿ ನಿಲ್ಲಿ’ ಎಂದು ಜನರಿಗೆ ಸನ್ನೆ ಮಾಡಲು ಉಳಿದದ್ದು ಎಡಗೈ.

“ನಿಲ್ಸೋ!” ಒಪಾನಿನ್ ಕುರ್ಚಿ ಬಿಟ್ಟೆದ್ದರು. “ನಮ್ಮಮ್ಮನ ಸಾವಿಗೆ ಬಂದು ನನಗೇ ಎಡಗೈ ಬೀಸ್ತೀಯಾ?”

“ಇಲ್ಲ ಹಿರಿಯರೇ, ಬಲಗೈ ಗುಂಡಿ ಮೇಲಿತ್ತು...”

“ಹಾಗಾದ್ರೆ ಗುಂಡೀನ ಎಡಗಡೆ ಹಾಕ್ಸು!”

ದಂಡ ಅಲ್ಲೇ ತೀರ್ಮಾನವಾಯಿತು: ಒಂದು ಬಾಟಲಿ ಶ್ನಾಪ್ಸ್ ಸಾರಾಯಿ. ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿ ನೋಡಿದರು. ಆಗ ಸಾಲಿನಿಂದ ಒಬ್ಬಳು ಹೊರಗೆ ಬಂದಳು. ಒಪಾನಿನ್‌ರ ಅಕ್ಕನ ಮಗಳು ಸೆರ್ವಾ, ಊರಿನ ದರ್ಜಿ. ಅಲ್ಲಿದ್ದ ಅರ್ಧ ಬಟ್ಟೆ ಅವಳೇ ಹೊಲಿದದ್ದು.

“ಮಾವ, ಇವರ ಬಲಗೈ ನಾನಾಗ್ತೀನಿ. ಬೇಗ ಮುಗಿಸೋಣ, ಫುಫು ಮುದ್ದೆ ಆರಿ ಕಲ್ಲಾಗ್ತಿದೆ.”

ಸ್ಟ್ಯಾಂಡಿನ ಪಕ್ಕ ನಿಂತು ಬಲಗೈ ಎತ್ತಿದಳು. ಅವಳ ಬೆರಳು ಹೇಳಿದ ಕಡೆ ಅಜ್ಜಂದಿರು ಸರಿದರು, ಚಿಕ್ಕಮ್ಮಂದಿರು ಹೊಟ್ಟೆ ಒಳಗೆಳೆದುಕೊಂಡರು. ಅದೊಮಾಕೊನ ಒಂದು ಕಣ್ಣು ಕಿಂಡಿಯಲ್ಲಿತ್ತು. ಇನ್ನೊಂದನ್ನು ಮುಚ್ಚಿರಬೇಕಿತ್ತು.

“ಮಾಸ್ಟರ್, ಉಸಿರಾಡಿ,” ಎಂದಳು ಮೆಲ್ಲಗೆ.

“ಕ್ಯಾಮೆರಾ ಅಲುಗಬಾರದಲ್ಲ, ಅದಕ್ಕೆ.”

“ಅದು ಸ್ಟ್ಯಾಂಡ್ ಮೇಲಿದೆ. ಅಲುಗ್ತಿರೋದು ನೀವು.”

ವಾರದ ಮೇಲೆ ಚಿತ್ರ ನೋಡಲು ಅಂಗಡಿಗೆ ಬಂದವಳು ಪರದೆಯ ಹತ್ತಿರ ಬಗ್ಗಿದಳು. ರವಿಕೆಯ ಅಂಚಿಗೆ ಸಿಕ್ಕಿಸಿಕೊಂಡ ಗುಂಡುಸೂಜಿಗಳು ಪರದೆಯ ಬೆಳಕಿಗೆ ಮಿನುಗಿದವು.

“ನಮ್ಮ ಮಾವನಿಗೆ ಮೂರು ಮಂಡಿ.”

“ಅಲ್ಲಿ ಎರಡು ಚಿತ್ರ ಸೇರುತ್ತೆ...”

“ಹೊಲಿಗೆ ಕಾಣ್ತಿದೆ ಅನ್ನಿ. ನಾನು ಹೀಗೆ ಹೊಲಿದ್ರೆ ಗಿರಾಕಿ ಬಟ್ಟೆ ನನ್ನ ಮುಖಕ್ಕೇ ಎಸೀತಾಳೆ.”

ಅವನು ವಿವರಿಸಿದ. ತಿರುಗುವಾಗ ಕ್ಯಾಮೆರಾ ತನ್ನ ಹೊಟ್ಟೆಯ ಸುತ್ತ ತಿರುಗಬಾರದು, ಲೆನ್ಸಿನೊಳಗಿನ ಒಂದು ಬಿಂದುವಿನ ಸುತ್ತ ತಿರುಗಬೇಕು; ಇಲ್ಲದಿದ್ದರೆ ಹತ್ತಿರದ್ದು ಒಂದು ಕಡೆ, ದೂರದ್ದು ಇನ್ನೊಂದು ಕಡೆ ಜಾರುತ್ತದೆ. ಅದಕ್ಕೆ ಕ್ಯಾಮೆರಾ ಕೂರಿಸಲು ಬೇರೆಯದೇ ಹಿಡಿಕೆ ಬೇಕು. ಅಳತೆ ಇಟ್ಟು ತಾನೇ ತಿರುಗುವ ಯಂತ್ರವಿದ್ದರೆ ಇನ್ನೂ ಚೆನ್ನ. ಹೊಸ ಕ್ಯಾಮೆರಾ ಇದ್ದರಂತೂ ಕೇಳುವುದೇ ಬೇಡ. ಹೀಗೆ ಮಧ್ಯಾಹ್ನವಿಡೀ ಹೇಳಿದ. ಅವಳು ಎದುರಿಗೆ ಕೂತಿದ್ದಳೆಂಬುದನ್ನು ಬಿಟ್ಟರೆ ಅಷ್ಟು ಹೇಳಲು ಬೇರೆ ಕಾರಣವಿರಲಿಲ್ಲ. ಪಾಪ, ಅವನಿಗೆ ಯಂತ್ರ ಬೇಕಾಗಿದೆ ಎಂದು ಅವಳು ತಿಳಿದಳು.

ಯಾರೇ ಸತ್ತರೂ ನಮ್ಮಲ್ಲಿ ಕ್ರಿಯೆ ಶನಿವಾರ. ಒಂದೊಂದು ಶನಿವಾರ ಒಂದೊಂದು ಅಂಗಳ. ಅವನು ಕ್ಯಾಮೆರಾ ಹೊತ್ತು ಮುಂದೆ, ಅವಳು ಹಿಂದೆ. ಎಡಗೈಯ ಸುದ್ದಿ ಊರಿಗೆಲ್ಲ ಹಬ್ಬಿದ್ದರಿಂದ ಅವಳಿಲ್ಲದೆ ಅವನನ್ನು ಯಾರೂ ಕರೆಯುತ್ತಿರಲಿಲ್ಲ. ಅವರ ಪ್ರೀತಿ ಬೆಳೆದದ್ದು ಪೂರ್ತಿ ಬೇರೆಯವರ ದುಃಖದಲ್ಲಿ. ಎಷ್ಟೋ ಮನೆಯವರು ಎದೆ ಬಡಿದುಕೊಳ್ಳುವಾಗ ಇವರಿಬ್ಬರು ಸ್ಟ್ಯಾಂಡಿನ ಹಿಂದೆ ತುಟಿ ಕಚ್ಚಿ ನಗು ತಡೆದಿದ್ದಾರೆ.

ಹೇಳಿಬಿಡಬಹುದಿತ್ತಲ್ಲ ಎನ್ನುವಿರಿ. ನಮ್ಮಲ್ಲಿ ಹೆಣ್ಣು ಕೇಳುವುದೆಂದರೆ ಹುಡುಗನ ಕಡೆಯವರು ಹುಡುಗಿಯ ಮನೆ ಬಾಗಿಲು ತಟ್ಟಿ ಶ್ನಾಪ್ಸ್ ಬಾಟಲಿ ಇಡಬೇಕು. ದಂಡದ ಬಾಟಲಿ ಇಟ್ಟುಬಂದ ಮನೆಗೆ ಅದೇ ಬಾಟಲಿ ಹಿಡಿದು ಮತ್ತೆ ಯಾವ ಮುಖದಿಂದ ಹೋಗುವುದು? ಶನಿವಾರಗಳಿದ್ದವು, ಸಾಕು ಎಂದುಕೊಂಡ.

ಒಪಾನಿನ್ ತಾಯಿಯ ವರ್ಷದ ಕ್ರಿಯೆ ಹತ್ತಿರ ಬಂತು. ಒಂದು ದಿನ ಸೆರ್ವಾ ಅಂಗಡಿಯ ಮೇಜಿನ ಮೇಲೆ ದೊಡ್ಡ ಪೆಟ್ಟಿಗೆಯಿಟ್ಟಳು. ಹೊಸ ಕ್ಯಾಮೆರಾ, ತಾನೇ ತಿರುಗುವ ಹಿಡಿಕೆ. ಫೋನಿನಲ್ಲಿ ಒಮ್ಮೆ ಒತ್ತಿದರೆ ಯಂತ್ರವೇ ತಿರುಗಿ, ನಿಂತು, ಚಿತ್ರ ತೆಗೆದು ಮುಂದೆ ಹೋಗುತ್ತದೆ.

“ಹ್ಯಾಂಬರ್ಗ್‌ನಲ್ಲಿರೋ ಚಿಕ್ಕ ಮಾವನಿಗೆ ನಾನೇ ಹೇಳಿ ತರಿಸ್ದೆ,” ಎಂದಳು. “ಅಜ್ಜಿ ವರ್ಷಕ್ಕೆ ಫೋಟೋ ಚೆನ್ನಾಗಿ ಬರ್ಲಿ ಅಂತ. ಇನ್ಮೇಲೆ ನಿಮ್ಮ ಬಲಗೈ ನಿಮಗೇ.”

ಅದೊಮಾಕೊ ಅಂದುಕೊಂಡ: ಇವಳಿಗೆ ಸಾಕಾಗಿದೆ, ಅದಕ್ಕೇ ತರಿಸಿದ್ದಾಳೆ.

“ಹಳೇದೂ ಚೆನ್ನಾಗೇ ಇತ್ತು,” ಎಂದ.

“ಮೂರು ಮಂಡಿ?”

“ಒಂದು ಹೆಚ್ಚಿದ್ರೆ ನಷ್ಟ ಏನು?”

ಅವಳು ನಗಲಿಲ್ಲ. “ಖುಷಿ ಆಯ್ತಾ ಇಲ್ವಾ, ಅಷ್ಟು ಹೇಳಿ.”

“ತುಂಬಾ,” ಎಂದ ಅವನು, ಮಣ್ಣು ಮಾಡಲು ಹೊರಟವನ ದನಿಯಲ್ಲಿ.

“ಒಳ್ಳೇದು. ನನಗೂ ಶನಿವಾರ ಬೇಕಾದಷ್ಟು ಹೊಲಿಗೆ ಇದೆ,” ಎಂದು ಅವಳೂ ಸುಳ್ಳು ಹೇಳಿ, ಬಾಗಿಲಲ್ಲಿ ಒಂದು ಕ್ಷಣ ನಿಂತು, ಅವನು ಕರೆಯಲಿಲ್ಲವಾದ್ದರಿಂದ ಹೋದಳು.

ವರ್ಷದ ದಿನ ಬಳಗವೆಲ್ಲ ಬಿಳಿ ಬಟ್ಟೆಯಲ್ಲಿ ನಿಂತಿತು. ಸೆರ್ವಾ ಈ ಸಲ ಸಾಲಿನಲ್ಲೇ ಇದ್ದಳು, ಬಲತುದಿಗೆ ಹತ್ತಿರ, ಇಬ್ಬರು ದಪ್ಪ ಚಿಕ್ಕಮ್ಮಂದಿರ ನಡುವೆ. ಸ್ಟ್ಯಾಂಡಿನ ಪಕ್ಕ ಅವಳು ನಿಲ್ಲುತ್ತಿದ್ದ ಜಾಗದಲ್ಲಿ ಬಿಸಿಲಿತ್ತು.

ಅವನು ಬಲಗೈಯಲ್ಲಿ ಫೋನ್ ಹಿಡಿದು ಒತ್ತಿದ. ಯಂತ್ರ ಎಡದಿಂದ ಹೊರಟಿತು. ತಿರುಗಿತು, ನಿಂತಿತು, ತೆಗೆಯಿತು. ಒಂದು ಲೋಪವಿಲ್ಲ. ಅವನಿಗೆ ಮಾಡಲು ಏನೂ ಇರಲಿಲ್ಲ. ವರ್ಷದ ಮೇಲೆ ಮೊದಲ ಬಾರಿ ಎರಡು ಕಣ್ಣೂ ತೆರೆದು ಅವಳನ್ನು ನೇರ ನೋಡಿದ.

ಅವಳೂ ನೋಡುತ್ತಿದ್ದಳು. ಕಣ್ಣು ತುಂಬಿತ್ತು. ಆದರೂ ಹುಬ್ಬು ಹಾರಿಸಿ, ಬಾಯಿ ಮಾತ್ರ ಆಡಿಸಿ ಹೇಳಿದಳು: “ಮಾಸ್ಟರ್, ಉಸಿರಾಡಿ.”

ಆಮೇಲೆ ನಡೆದದ್ದಕ್ಕೆ ಅವನ ತಲೆ ಹೊಣೆಯಲ್ಲ. ಯಂತ್ರ ಅವನ ಕೈ ಬಿಡಿಸಿತ್ತು ನಿಜ, ಆದರೆ ಬಿಡಿಸಿದ್ದು ಎಡಗೈಯನ್ನು. ಬಿಳಿ ತೊಟ್ಟ ಬಳಗದ ಎದುರು ಆ ಎಡಗೈ ತಾನಾಗಿ ಮೇಲೆದ್ದು ಬಾ ಎಂದು ಕರೆಯಿತು.

“ಮತ್ತೆ!” ಒಪಾನಿನ್ ಗುಡುಗಿದರು. “ಮತ್ತೆ ಎಡಗೈ!”

“ಮಾವ, ಕರೆದದ್ದು ನಿಮ್ಮನ್ನಲ್ಲ,” ಎಂದು ಸೆರ್ವಾ ಚಿಕ್ಕಮ್ಮಂದಿರನ್ನು ಸರಿಸಿ ಹೊರಬಂದಳು.

ನಿಲ್ಲಿಸಬೇಕೆಂದು ಅದೊಮಾಕೊಗೆ ಹೊಳೆಯಲಿಲ್ಲ. ಫೋನ್ ಕೆಳಗೆ ಬಿದ್ದಿತ್ತು. ಯಂತ್ರ ಯಾರ ಹಂಗಿಲ್ಲದೆ ಬಲತುದಿಯತ್ತ ತಿರುಗುತ್ತ ಹೋಯಿತು. ಅದು ಅಲ್ಲಿಗೆ ಮುಟ್ಟುವ ಮೊದಲೇ ಅವಳು ಬಂದು ಸ್ಟ್ಯಾಂಡಿನ ಪಕ್ಕ ತನ್ನ ಜಾಗದಲ್ಲಿ ನಿಂತಳು.

“ಖುಷಿ ಆಯ್ತು ಅಂದ್ರಲ್ಲ?”

“ಸುಳ್ಳು ಹೇಳ್ದೆ. ನೀನಿಲ್ದೆ ನನ್ನ ಕೈಲಿ ಏನೂ ಆಗಲ್ಲ ಸೆರ್ವಾ.”

“ಅದು ಬಳಗಕ್ಕೆಲ್ಲ ಕಾಣ್ತಿದೆ,” ಎಂದಳು. ಕಣ್ಣೊರೆಸಿಕೊಂಡದ್ದು ಬಲಗೈಯಲ್ಲಿ.

ಮುಂದಿನ ಭಾನುವಾರ ಅದೊಮಾಕೊ ತನ್ನ ಸೋದರಮಾವನೊಂದಿಗೆ ಹೋಗಿ ಬಾಗಿಲು ತಟ್ಟಿ ಬಾಟಲಿ ಇಟ್ಟ.

ಒಪಾನಿನ್ ಅದನ್ನು ತಿರುಗಿಸಿ ನೋಡಿದರು. “ಇದು ದಂಡಕ್ಕೋ, ಹುಡುಗಿಗೋ?”

ಅದೊಮಾಕೊ ತನ್ನ ಸೋದರಮಾವನತ್ತ ತಿರುಗಿದ. ಒಳಗಿಂದ ಸೆರ್ವಾಳ ದನಿ ಬಂತು: “ದಂಡಕ್ಕೆ ಇಟ್ಕೊಳ್ಳಿ ಮಾವ. ಇನ್ನೊಂದು ಅವರ ಮಾವನ ಚೀಲದಲ್ಲಿದೆ. ನಾನೇ ಇಡೋಕೆ ಹೇಳಿದ್ದೆ.”

ಒಪಾನಿನ್ ಎರಡನ್ನೂ ತೆಗೆದುಕೊಂಡರು, ಬಲಗೈಯಲ್ಲಿ.

ವರ್ಷದ ದಿನದ ಆ ಚಿತ್ರ ಈಗ ಒಪಾನಿನ್ ಮನೆಯ ಹಜಾರದಲ್ಲಿದೆ. ಎಲ್ಲೂ ಹೊಲಿಗೆ ಕಾಣುವುದಿಲ್ಲ, ಒಪಾನಿನ್‌ಗೆ ಎರಡೇ ಮಂಡಿ. ಸೆರ್ವಾ ಅದರಲ್ಲಿ ಇಲ್ಲ.