ಬಿಟ್ಟುಹೋದ ಹಕಾರ

ಬೀಳುತ್ತಿದ್ದವಳನ್ನು ಬಿಟ್ಟು ಆ ಮನುಷ್ಯ ಅವಳ ಗಾಡಿಯನ್ನು ಹಿಡಿದುಕೊಂಡ.

ನಂಜನಗೂಡಿನ ಬಜಾರು ರಸ್ತೆ, ಭಾನುವಾರದ ಬೆಳಗು. ಎರಡು ಸಾವಿರದ ಒಂಬತ್ತನೇ ಇಸವಿ... ಬ್ಯಾಟರಿ ಗಾಡಿ ಎಂದರೆ ಜನ ಇನ್ನೂ ನಿಂತು ನೋಡುತ್ತಿದ್ದ ಕಾಲ. ಸಂಘಮಿತ್ರಾಳ ಹೊಸ ಎಲೆಕ್ಟ್ರಿಕ್ ಬೈಕಿನ ಹ್ಯಾಂಡಲ್ಲಿಗೆ ನೇತುಹಾಕಿದ್ದ ಬಟ್ಟೆಚೀಲ ಮುಂದಿನ ಚಕ್ರಕ್ಕೆ ಸಿಕ್ಕಿಕೊಂಡಿತ್ತು. ಸೀಟ್ ಕವರ್ ಅಂಗಡಿಯಿಂದ ಓಡಿಬಂದ ಮರಿಸ್ವಾಮಿ ಮೊದಲು ಗಾಡಿಯನ್ನು ನಿಲ್ಲಿಸಿ, ಸ್ಟ್ಯಾಂಡ್ ಹಾಕಿ, ಆಮೇಲೆ ಅವಳ ಕಡೆ ನೋಡಿದ.

'ಎಂಥ ಮನುಷ್ಯನಪ್ಪಾ ಇವನು...' ಎಂದುಕೊಳ್ಳುತ್ತಾ ಅವಳು ತಾನೇ ಎದ್ದು ಸೀರೆ ಕೊಡವಿಕೊಂಡಳು. ಯಾರ ಕೈಯನ್ನೂ ಕಾಯದೆ ಏಳುವುದು ಅವಳಿಗೆ ಎಂದೋ ರೂಢಿಯಾಗಿತ್ತು.

"ಆಂಡಲ್‌ಗೆ ಚೀಲ ನೇತಾಕ್ಬಾರ್ದು ಮೇಡಮ್ನೋರೇ. ಒಂದು ಆಂಡಲ್ ಬ್ಯಾಗು ಆಕುಸ್ಕಳಿ. ಉಸಾರು."

ಉಸಾರು...

ಬೈಯಬೇಕೆಂದು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. ಆ ಮಾತನ್ನು ಅವಳಿಗೆ ಹೇಳುತ್ತಿದ್ದದ್ದು ಒಬ್ಬಳೇ, ಅವ್ವ ಮುದ್ದಮ್ಮ. ಅವ್ವ ಹೋದ ಮೇಲೆ ಹುಷಾರು ಎಂದು ಹೇಳುವವರೂ ಇರಲಿಲ್ಲ, ಉಸಾರು ಎನ್ನುವವರಂತೂ ಇರಲೇ ಇಲ್ಲ.

ಸಂಘಮಿತ್ರಾ ಚಿಕ್ಕಯ್ಯನಛತ್ರದ ಹೈಸ್ಕೂಲಿನಲ್ಲಿ ಕನ್ನಡ ಟೀಚರ್. ಒಂದು ಕಾಲಕ್ಕೆ ಅವಳೂ ಹಳ್ಳಿಗೆ ಅಳ್ಳಿ ಎನ್ನುತ್ತಿದ್ದವಳೇ. ಮೈಸೂರಿನಲ್ಲಿ ಟ್ರೈನಿಂಗಿಗೆ ಸೇರಿದಾಗ ತರಗತಿಯೆಲ್ಲ ಗೊಳ್ಳೆಂದು ನಕ್ಕಿತ್ತು. ಅಂದಿನಿಂದ ಹಕಾರವನ್ನು ಗಟ್ಟಿಯಾಗಿ ಹಿಡಿದವಳು ಬಿಟ್ಟಿಲ್ಲ. ಯಾರು ಬಿಟ್ಟು ಮಾತಾಡಿದರೂ ಸರಿ, ಅವಳ ಕಿವಿ ತಾನಾಗಿ ಅದನ್ನು ಸೇರಿಸಿಕೊಳ್ಳುತ್ತಿತ್ತು, ಬಾಯಿ ತಾನಾಗಿ ತಿದ್ದುತ್ತಿತ್ತು. ತಿದ್ದಿಸಿಕೊಂಡವರು ಅವಳ ಹತ್ತಿರ ಮಾತು ಕಡಿಮೆ ಮಾಡುತ್ತಿದ್ದರು. ಹಾಗೇ ಮಾಡುತ್ತಾ ಮಾಡುತ್ತಾ ಮೂವತ್ತು ದಾಟಿ, ಬಾಡಿಗೆ ಕೋಣೆಯಲ್ಲಿ ಒಬ್ಬಳೇ ಉಳಿದಿದ್ದಳು. ಕೊಂಡ ಗಾಡಿಯೂ ಅವಳಿಗೆ ತಕ್ಕದ್ದೇ. ಸದ್ದಿಲ್ಲದ ಗಾಡಿ, ಅವಳು ಹೋದದ್ದೂ ಬಂದದ್ದೂ ಓಣಿಯಲ್ಲಿ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಬ್ಯಾಗಿಗೆ ಅಳತೆ ಬೇಕಲ್ಲ, ಅದರಲ್ಲಿ ಏನೇನು ಇಡುತ್ತೀರಿ ಎಂದು ಮರಿಸ್ವಾಮಿ ಕೇಳಿದ. ಅವಳು ಹೇಳಿದಳು. ಕೊಡೆ, ನೀರಿನ ಬಾಟಲು, ಒಬ್ಬರಿಗಾಗುವಷ್ಟು ಊಟದ ಡಬ್ಬಿ.

"ಅಷ್ಟೇಯಾ?"

'ಹೌದು, ಅಷ್ಟೇ. ನನ್ನ ಬದುಕೇ ಅಷ್ಟು, ಇವನಿಗೇನು ಕಷ್ಟ?' ಕಣ್ಣು ತುಂಬಿ ಬಂದದ್ದಕ್ಕೆ ಅವಳಿಗೇ ಸಿಟ್ಟು ಬಂತು. ಅಂಗಡಿಯಲ್ಲಿದ್ದ ಬ್ಯಾಗುಗಳನ್ನು ಒಂದೊಂದಾಗಿ ಹ್ಯಾಂಡಲ್ಲಿಗೆ ಹಿಡಿದು ನೋಡಿದ್ದಾಯಿತು. ಒಂದು ದೀಪಕ್ಕೆ ಅಡ್ಡ ಬರುತ್ತಿತ್ತು, ಇನ್ನೊಂದು ಬ್ರೇಕಿಗೆ ತಗಲುತ್ತಿತ್ತು.

"ನಾನೇ ಒಲ್ಕೊಡ್ತೀನಿ ಬುಡಿ."

"ಹೊಲಿದುಕೊಡ್ತೀನಿ," ಎಂದು ಅವಳು ತಿದ್ದಿದಳು.

ಅವನು ನಕ್ಕ. ತಿದ್ದಿಸಿಕೊಂಡು ನಕ್ಕವನನ್ನು ಅವಳು ಅದೇ ಮೊದಲು ನೋಡಿದ್ದು.

ಮುಂದಿನ ಭಾನುವಾರ ನೀಲಿ ರೆಗ್ಜಿನ್ನಿನ ಬ್ಯಾಗು ತಯಾರಾಗಿತ್ತು, ಅವಳಿಗೆ ಹಿಡಿಸಲಿಲ್ಲ. ಅದರ ಮುಂದಿನ ವಾರ ಕಂದು ಬಣ್ಣದ್ದು, ಅದು ಹಾರ್ನ್ ಒತ್ತುತ್ತದೆ ಎಂದಳು. ನಿಜ ಹೇಳಬೇಕೆಂದರೆ ಒತ್ತುತ್ತಿರಲಿಲ್ಲ. ಬ್ಯಾಗು ಸರಿಹೋಗಿಬಿಟ್ಟರೆ ಭಾನುವಾರಕ್ಕೆ ಬೇರೆ ಕೆಲಸವೇ ಇರಲಿಲ್ಲ ಅವಳಿಗೆ. ಪಕ್ಕದಲ್ಲಿ ಹೂ ಕಟ್ಟುತ್ತಿದ್ದ ರಾಚಮ್ಮ ಎಲ್ಲವನ್ನೂ ನೋಡುತ್ತಾ ನಗುತ್ತಿದ್ದಳು. ತಂಗಿಯರ ಮದುವೆ ಮಾಡುವುದರಲ್ಲೇ ಈ ಮರಿಸ್ವಾಮಿಯ ವಯಸ್ಸು ಹೋಯಿತೆಂದು ಅವಳೇ ಒಂದು ದಿನ, ಕೇಳದಿದ್ದರೂ, ಹೇಳಿದಳು.

ನಾಲ್ಕನೇ ಭಾನುವಾರ ಮರಿಸ್ವಾಮಿ ಕಪ್ಪು ಬ್ಯಾಗೊಂದನ್ನು ತಂದು ಹ್ಯಾಂಡಲ್ಲಿಗೆ ಕಟ್ಟಿದ. ದೀಪಕ್ಕೆ ಅಡ್ಡವಿಲ್ಲ, ಬ್ರೇಕಿಗೆ ತಗಲುವುದಿಲ್ಲ. ಹೆಸರಿಡಲು ಏನೂ ಸಿಗದೆ ಸಂಘಮಿತ್ರಾ ಅದರ ಜಿಪ್ಪನ್ನು ಎಳೆಯುತ್ತಾ ನಿಂತಳು. ಇನ್ನು ಬರುವ ನೆಪವೂ ಮುಗಿಯಿತಲ್ಲ ಎಂದುಕೊಂಡಳು.

ಅವನು ಕೈ ಒರೆಸಿಕೊಂಡ. ಗಂಟಲು ಸರಿಮಾಡಿಕೊಂಡ.

"ನಾ ಒಲ್ದಿವ್ನಿ ಮೇಡಮ್ನೋರೇ... ನಿಮ್ಗೇಯ."

"ಚೆನ್ನಾಗಿದೆ. ಆದ್ರೆ ಹೊಲಿದಿದ್ದೀನಿ ಅನ್ನಿ ಮರಿಸ್ವಾಮಿಯವರೇ, ಹ ಬಿಡಬೇಡಿ."

ಈ ಸಲ ಅವನು ನಗಲಿಲ್ಲ. ಆಯ್ತು ಎಂದು ಹೇಳಿ ಒಳಗೆ ಹೋಗಿ ಮೆಷಿನ್ನಿನ ಮುಂದೆ ಕೂತುಬಿಟ್ಟ. ಅವಳು ಹೊರಡುವಾಗ ಉಸಾರು ಎಂದೂ ಹೇಳಲಿಲ್ಲ.

ತಪ್ಪೇನಾಯಿತೆಂದು ಅವಳಿಗೆ ತಿಳಿಯಲಿಲ್ಲ. ಪರೀಕ್ಷೆಯ ಕೆಲಸ ಬಂತು, ಭಾನುವಾರಗಳು ಖಾಲಿಯಾಗಿ ಕಳೆದವು. ಕೋಣೆಯಲ್ಲಿ ಒಬ್ಬಳೇ ಉಣ್ಣುವಾಗ 'ಅವನ ಮಾತೇಕೆ ನನಗೆ ಇಷ್ಟು ಬೇಕು?' ಎಂದು ತನ್ನನ್ನೇ ಕೇಳಿಕೊಂಡಳು. ಉತ್ತರ ಗೊತ್ತಿದ್ದ ಪ್ರಶ್ನೆ ಅದು.

ಒಂದು ದಿನ ಡಬ್ಬಿಯ ಸಾರು ಬ್ಯಾಗಿನೊಳಗೆ ಚೆಲ್ಲಿತು. ತೊಳೆಯಲೆಂದು ಬ್ಯಾಗನ್ನು ಒಳಮಗ್ಗಲು ತಿರುಗಿಸಿದಾಗ ಮೂಲೆಯಲ್ಲಿ ಪುಟ್ಟ ಬಿಳಿ ಪಟ್ಟಿ ಕಂಡಿತು. ಲುಧಿಯಾನದಲ್ಲಿ ತಯಾರಾದದ್ದು ಎಂದು ಅದರಲ್ಲಿ ಅಚ್ಚಾಗಿತ್ತು.

ಅಂದರೆ ಇದು ರೆಡಿಮೇಡ್. ಇದನ್ನು ಅವನು ಹೊಲಿದೇ ಇಲ್ಲ!

'ಮತ್ತೆ ಹೊಲಿದಿದ್ದೀನಿ ಅಂತ ಯಾಕೆ ಸುಳ್ಳು...'

ಅವಳ ಕೈ ನಿಂತಿತು. ಅವನು ಹೊಲಿದಿದ್ದೀನಿ ಎಂದಿರಲಿಲ್ಲ. ಒಲ್ದಿವ್ನಿ ಎಂದಿದ್ದ. ಹಕಾರ ಸೇರಿಸಿದ್ದು ಅವಳು. ಮಾದಪ್ಪ ಒಲ್ದ ಎಂದು ಅವ್ವ ಕಣ್ಣು ಮುಚ್ಚಿ ಹೇಳುತ್ತಿದ್ದಳಲ್ಲ, ಒಲಿಯುವ ಆ ಮಾತು ಅದು. ಅದರಲ್ಲಿ ಏನೂ ಬಿಟ್ಟುಹೋಗಿರಲಿಲ್ಲ. ಒಬ್ಬ ಮನುಷ್ಯ ಜೀವಮಾನದ ಧೈರ್ಯವನ್ನೆಲ್ಲ ಕೂಡಿಸಿ ಪ್ರೀತಿ ಹೇಳಿಕೊಂಡರೆ ತಾನು ಉಚ್ಚಾರಣೆ ತಿದ್ದಿ ಕಳಿಸಿದ್ದಳು. ಸಂಘಮಿತ್ರಾ ಬಚ್ಚಲಲ್ಲೇ ಕೂತು ಅತ್ತಳು.

ಮರುದಿನ ಬೆಳಿಗ್ಗೆ ಬಜಾರಿಗೆ ಬಂದರೆ ಅಂಗಡಿಯ ಬಾಗಿಲು ಹಾಕಿತ್ತು. ರಾಚಮ್ಮ ಹೂ ಕಟ್ಟುವುದನ್ನು ನಿಲ್ಲಿಸಲೂ ಇಲ್ಲ.

"ತಿ. ನರಸೀಪುರಕ್ಕೆ ಒಂಟೋದ ಕಣವ್ವ, ತಂಗಿ ಊರ್ಗೆ. ಅಲ್ಲೇ ಬಸ್‌ಸ್ಟಾಂಡ್ ತಾವ ಅಂಗ್ಡಿ ಮಡಗವ್ನೆ. ಮಾತು ಬರ್ದೋನು ಯಾಕ್ ಮಾತಾಡ್ಬೇಕಿತ್ತು ಅಂತಿದ್ದ."

ನರಸೀಪುರಕ್ಕೆ ಬಸ್ಸಿತ್ತು. ಆದರೆ ಬಸ್ಸಿನಲ್ಲಿ ಹೋದರೆ, ಧೈರ್ಯ ಕೈಕೊಟ್ಟ ಗಳಿಗೆ ಎದುರಿನ ಬಸ್ಸು ಹತ್ತಿ ಬಂದುಬಿಡುತ್ತೇನೆ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಗಾಡಿಯ ಬ್ಯಾಟರಿಯಾದರೋ ಹೋಗುವುದಕ್ಕಷ್ಟೇ ಸಾಲುತ್ತದೆ, ತಿರುಗಿ ಬರುವುದಕ್ಕಿಲ್ಲ. ಅವಳು ಗಾಡಿಯಲ್ಲೇ ಹೊರಟಳು.

ಹೋಗುವುದಕ್ಕೂ ಸಾಲಲಿಲ್ಲ. ಕಬ್ಬಿನ ಗದ್ದೆಗಳ ನಡುವೆ ಗಾಡಿ ಉಸಿರು ಬಿಟ್ಟಿತು. ಗಾಡಿಗಿದ್ದ ಸೈಕಲ್ಲಿನಂಥ ಪೆಡಲ್ ತುಳಿದಳು, ಏರು ಬಂದಾಗ ಇಳಿದು ತಳ್ಳಿದಳು. ದಾರಿಹೋಕರು ಏನಾಯ್ತಮ್ಮ ಎಂದು ಕೇಳಿದರೆ ನಕ್ಕಳು. ಬಸ್‌ಸ್ಟಾಂಡ್ ಸೇರುವಷ್ಟರಲ್ಲಿ ಸೆರಗು ಬೆವರಿನಿಂದ ಒದ್ದೆಯಾಗಿತ್ತು.

ಮೆಷಿನ್ ಬಿಟ್ಟೆದ್ದು ಬಂದ ಮರಿಸ್ವಾಮಿ ಅಂಗಡಿಯ ಮೆಟ್ಟಿಲ ಮೇಲೇ ನಿಂತ. ಅವಳನ್ನು ನೋಡಿದ, ಬ್ಯಾಗನ್ನು ನೋಡಿದ.

"ಬ್ಯಾಗು ಸರಿಯಾಗ್ನಿಲ್ವಾ?"

"ಇದನ್ನ ಹೊಲಿದಿದ್ದು ನೀವಲ್ಲ."

"ಅಲ್ಲ," ಎಂದು ಅವನು ತಲೆ ತಗ್ಗಿಸಿದ. ತಾನು ಹೊಲಿದದ್ದೆಲ್ಲ ಅವಳಿಗೆ ಹಿಡಿಸದೇ ಹೋದಾಗ ಮೈಸೂರಿನ ಅಂಗಡಿಗಳನ್ನೆಲ್ಲ ಸುತ್ತಿ ಆರಿಸಿ ತಂದದ್ದಂತೆ ಅದು.

"ಹಾಗಾದ್ರೆ ಅವತ್ತು ನೀವು ಹೇಳಿದ ಮಾತಲ್ಲಿ ಹ ಇರಲಿಲ್ಲ."

ಎದುರಿನ ರಸ್ತೆಯಲ್ಲಿ ಬನ್ನೂರಿನ ಬಸ್ಸು ಹಾದುಹೋಯಿತು. ಅವನು ಮೆಟ್ಟಿಲಿಳಿದು ಅವಳ ಹತ್ತಿರ ಬಂದ.

"ಇರ್ನಿಲ್ಲ," ಎಂದ. "ನೀವೇಳ್ದ ಮ್ಯಾಕೆ... ನಮ್ಮಂತೋರ್ಗೆ ಆ ಮಾತು ಒಪ್ಪಲ್ಲ ಅನ್ಕಂಡೆ."

ಸಂಘಮಿತ್ರಾಳ ಕೈಯಿಂದ ಹ್ಯಾಂಡಲ್ ಜಾರಿತು. ಗಾಡಿ ವಾಲಿತು, ಅವಳೂ ವಾಲಿದಳು. ಈ ಸಲ ಗಾಡಿ ದಡ್ಡನೆ ನೆಲಕ್ಕೆ ಬಿತ್ತು. ಮರಿಸ್ವಾಮಿ ಅದರ ಕಡೆ ನೋಡಲೂ ಇಲ್ಲ. ಅವಳ ಎರಡೂ ತೋಳು ಅವನ ಕೈಯಲ್ಲಿದ್ದವು.

ಎಷ್ಟೋ ವರ್ಷಗಳಿಂದ ನಾಲಿಗೆಗೆ ಬಾರದ ಅವ್ವನ ಮಾತು ಅವಳ ತುಟಿಯವರೆಗೆ ಬಂತು.

"ನಾನೂ ಒಲ್ದಿವ್ನಿ," ಎಂದಳು ಮೆಲ್ಲಗೆ.

ಅವನ ಕಣ್ಣಲ್ಲಿ ನೀರೂ ನಗುವೂ ಒಟ್ಟಿಗೇ ಬಂದವು.

"ಹ ಬುಟ್ಟೋಯ್ತಲ್ಲ ಮೇಡಮ್ನೋರೇ?" ಎಂದ, ಆ ಒಂದಕ್ಷರವನ್ನು ಮಾತ್ರ ಕಷ್ಟಪಟ್ಟು, ಸ್ಪಷ್ಟವಾಗಿ ಹೇಳಿ.

"ಓಗ್ಲಿ ಬುಡಿ."