ಕೆಂಪು ಮೆಣಸಿಲ್ಲದ ಸಾರು

"ಟೊಮೇಟೊ? ನೋ," ಎಂದರು ಮಿಸ್ ಮಾರಿಸೋಲ್. ಅವರ ಪೆನ್ಸಿಲ್ಲು ತನ್ವಿಯ ಹಾಳೆಯ ಮೇಲೆ ಒಂದು ಗೀಟು ಎಳೆಯಿತು.

"ಒಣಮೆಣಸಿನಕಾಯಿ? ಅದೂ ನೋ." ಇನ್ನೊಂದು ಗೀಟು.

ಹಾಳೆಯಲ್ಲಿ ಉಳಿದದ್ದು ಬೇಳೆ, ಉಪ್ಪು, ಕೊತ್ತಂಬರಿ ಸೊಪ್ಪು. ಇಷ್ಟರಲ್ಲಿ ಏನು ಸಾರಾಗುತ್ತದೆ, ಮಣ್ಣು! ತನ್ವಿಯ ಮುಖ ಊದಿಕೊಂಡಿತು.

ಅವತ್ತು ಶನಿವಾರ. ಅಮೆರಿಕದ ಸ್ಯಾನ್ ಹೋಸೆಯ ಎವರ್‌ಗ್ರೀನ್ ಬಡಾವಣೆಯ ಹಿಸ್ಟರಿ ಕ್ಲಬ್ಬಿನ ಮಕ್ಕಳೆಲ್ಲ ಸೇರಿದ್ದರು. ಮುಂದಿನ ಶನಿವಾರ ಪಾರ್ಕಿನಲ್ಲಿ ಹಳೇ ಕಾಲದ ಸಂತೆ. ಹಳೇ ಕಾಲ ಅಂದರೆ ಅಜ್ಜನ ಕಾಲ ಅಲ್ಲ, ಸಾವಿರದ ನಾನೂರನೇ ಇಸವಿ! ಅವತ್ತು ಎಲ್ಲರೂ ಆರುನೂರು ವರ್ಷ ಹಿಂದಿನವರ ಹಾಗೆ ಬಟ್ಟೆ ಹಾಕಿಕೊಳ್ಳಬೇಕು. ಆ ಕಾಲದ ತಿಂಡಿಯನ್ನೇ ಹಂಚಬೇಕು.

ಹೋದ ವರ್ಷದವರೆಗೆ ಅದು ಬರೀ ಇಂಗ್ಲೆಂಡಿನ ಹಳ್ಳಿಯಾಗಿತ್ತು. ತನ್ವಿಗೆ ಅಲ್ಲಿ ಏನು ಕೆಲಸ ಕೊಡಬೇಕೆಂದು ಯಾರಿಗೂ ತೋಚಿರಲಿಲ್ಲ. ಪಾಪ, ಅವಳು ಇಡೀ ದಿನ ಒಂದು ಹುಲ್ಲಿನ ಕಂತೆ ಹೊತ್ತುಕೊಂಡು ಅಲೆದಿದ್ದಳು. ಮನೆಗೆ ಬಂದ ಮೇಲೆ ಮೈಯೆಲ್ಲ ತುರಿಕೆ.

ಈ ವರ್ಷ ಹೊಸದಾಗಿ ಬಂದ ಮಿಸ್ ಮಾರಿಸೋಲ್, "ಆಗ ಲೋಕದಲ್ಲಿ ಇಂಗ್ಲೆಂಡ್ ಒಂದೇ ಇತ್ತಾ? ನಿಮ್ಮ ನಿಮ್ಮ ಅಜ್ಜಿಯರ ಊರಿನಿಂದ ಬನ್ನಿ," ಎಂದುಬಿಟ್ಟರು. ತನ್ವಿಗೆ ಖುಷಿಯೋ ಖುಷಿ. ವಿಜಯನಗರದ ರಾಜರ ಕಾಲದ ಉಡುಪಿಯಿಂದ ಬರುತ್ತೇನೆ, ನಮ್ಮಜ್ಜಿಯ ಸಾರು ತರುತ್ತೇನೆ ಎಂದು ಎಲ್ಲರಿಗಿಂತ ಮೊದಲು ಹೆಸರು ಕೊಟ್ಟಿದ್ದಳು.

ಆದರೆ ಒಂದು ನಿಯಮವಿತ್ತು. ಅದನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದು ಅಂಟಿಸಿದ್ದರು: 'ಯಾರು ಬೇಕಾದರೂ ಬರಬಹುದು. ತಂದ ವಸ್ತು ಮಾತ್ರ ಸುಳ್ಳು ಹೇಳಬಾರದು.'

"ನಮ್ಮಜ್ಜಿಯ ಸಾರು ಸುಳ್ಳಲ್ಲ!" ಎಂದಳು ತನ್ವಿ ಜೋರಾಗಿ.

"ಸಾರು ಸುಳ್ಳಲ್ಲ ಮರಿ, ತಾರೀಖು ಸುಳ್ಳು," ಎಂದು ಮಿಸ್ ಮಾರಿಸೋಲ್ ನಕ್ಕರು. "ಟೊಮೇಟೊ, ಮೆಣಸಿನಕಾಯಿ ಎಲ್ಲ ಆಗ ನಮ್ಮ ಮೆಕ್ಸಿಕೋದ ಅಜ್ಜಿಯರ ಹತ್ತಿರ ಇತ್ತು. ನಿಮ್ಮ ಅಜ್ಜಿಯರ ಕಡೆ ಹಡಗು ಹೋಗಿದ್ದು ನೂರು ವರ್ಷ ಕಳೆದ ಮೇಲೆ."

ಪಕ್ಕದಲ್ಲಿದ್ದ ಲಿಯಾಮ್ ತನ್ನ ಹಾಳೆ ತೋರಿಸಿದ. ಅವನದು ಐರ್ಲೆಂಡಿನ ಆಲೂಗಡ್ಡೆ ಸೂಪು. ಅಲ್ಲೂ ಒಂದು ಉದ್ದ ಗೀಟು! "ಆಲೂಗಡ್ಡೆನೂ ಇರ್ಲಿಲ್ವಂತೆ. ನಾನು ಬಾರ್ಲಿ ಬ್ರೆಡ್ಡು, ಜೇನುತುಪ್ಪ ತರ್ತೀನಿ," ಎಂದ.

"ಬುಧವಾರದೊಳಗೆ ಹೊಸ ಪಟ್ಟಿ ಕೊಡು ತನ್ವಿ," ಎಂದರು ಮಿಸ್ ಮಾರಿಸೋಲ್.

ಕೊಡದಿದ್ದರೆ? ಮತ್ತೆ ಹುಲ್ಲಿನ ಕಂತೆಯೇ ಗತಿ ಎಂದು ತನ್ವಿಗೆ ಗೊತ್ತಿತ್ತು.

* * *

"ಎಂತದು? ನನ್ನ ಸಾರಿಗೆ ಗೀಟು ಹಾಕಿದ್ಳಾ? ಯಾರು ಆ ಮಹಾತಾಯಿ?"

ರತ್ನಾವತಿ ಅಜ್ಜಿ ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದರು. ಅವರು ಅಪ್ಪನ ಅಮ್ಮ, ಉಡುಪಿಯವರು. ಮೂರು ವರ್ಷದಿಂದ ಇಲ್ಲೇ, ಇವರ ಮನೆಯಲ್ಲೇ ಇದ್ದಾರೆ. ಅವರ ಸಾರಿನ ವಿಷಯಕ್ಕೆ ಇಡೀ ಸ್ಯಾನ್ ಹೋಸೆಯಲ್ಲಿ ಯಾರೂ ಮಾತಾಡುವ ಹಾಗಿಲ್ಲ.

"ಟೊಮೇಟೊ ಇಲ್ದೆ, ಕೆಂಪು ಮೆಣಸು ಇಲ್ದೆ ಮಾಡ್ಬೇಕಂತೆ ಅಜ್ಜಿ. ಇಟ್ಸ್ ನಾಟ್ ಫೇರ್!"

"ಅದಕ್ಕೆ ಸಾರು ಅಂತ ಯಾಕೆ ಹೇಳುದು ಮಾರಾಯ್ತಿ? ಬಿಸಿನೀರು ಅಂತ ಹೇಳಿದ್ರಾಯ್ತು."

ತನ್ವಿ ಕುರ್ಚಿಯ ಮೇಲೆ ಕುಕ್ಕರಿಸಿದಳು. ಟೊಮೇಟೊ ಇಲ್ಲ, ಮೆಣಸಿನಕಾಯಿ ಇಲ್ಲ, ಆಲೂಗಡ್ಡೆ ಇಲ್ಲ... ಇಂಥ ಊಟ ಎಲ್ಲೋ ತಿಂದಿದ್ದೇನಲ್ಲ! ಹೋದ ತಿಂಗಳಷ್ಟೇ!

"ಅಜ್ಜಿ, ಸಿಕ್ತು!" ಎಂದು ಅವಳು ಎದ್ದು ಕುಣಿದಳು. "ಅಜ್ಜನ ತಿಥಿ ಊಟ! ಅವತ್ತು ನೀನು ಟೊಮೇಟೊ ಹಾಕಿರ್ಲಿಲ್ಲ, ಮೆಣಸಿನಕಾಯಿನೂ ಹಾಕಿರ್ಲಿಲ್ಲ. ಪೆಪ್ಪರ್ ಮಾತ್ರ. ಅದು ಪರ್ಫೆಕ್ಟ್ ಅಜ್ಜಿ! ತಿಥಿ ಊಟಾನೇ ಸಂತೆಗೆ ತಗೊಂಡ್ ಹೋಗೋಣ!"

ಅಜ್ಜಿ ಸೌಟನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, ತಮ್ಮ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಜ್ಜಿ ಬೈದರೆ ತನ್ವಿಗೆ ಅಭ್ಯಾಸವಿತ್ತು. ಸುಮ್ಮನಾದರೆ ಭಯ.

"ನಾನೇನ್ ತಪ್ಪು ಹೇಳ್ದೆ ಅಮ್ಮ?"

ಲ್ಯಾಪ್‌ಟಾಪ್ ಮುಚ್ಚಿಟ್ಟು ಅಮ್ಮ ಹತ್ತಿರ ಬಂದಳು. "ತಿಥಿ ಊಟ ಅಜ್ಜನಿಗೆ ಅಂತ ಮಾಡೋದು ಕಣೆ. ವರ್ಷಕ್ಕೆ ಒಂದೇ ದಿನ, ಅಜ್ಜ ಬಂದು ಉಣ್ತಾರೆ ಅಂತ. ಹಿಂದಿನ ಕಾಲದವರು ಏನು ತಿಂತಿದ್ರೋ ಅದನ್ನೇ ಮಾಡಿ ಬಡಿಸ್ತಾರೆ. ಅದನ್ನ ಪಾರ್ಕಲ್ಲಿ ಕಪ್ಪಿಗೆ ಹಾಕಿ ಹಂಚ್ತಾರಾ?"

ತನ್ವಿಯ ಕಿವಿ ಬಿಸಿಯಾಯಿತು. ಅವಳು ಅಜ್ಜಿಯ ಬಾಗಿಲ ಹತ್ತಿರ ಹೋಗಿ ನಿಂತಳು. ತಟ್ಟಲೂ ಧೈರ್ಯ ಬರಲಿಲ್ಲ.

"ಅಜ್ಜಿ... ಸಾರಿ. ನಂಗೆ ಸಂತೆ ಬೇಡ. ನಾನು ಡ್ರಾಪ್ ಔಟ್ ಆಗ್ತೀನಿ."

ಒಳಗೆ ಮಂಚ ಕಿರುಗುಟ್ಟಿತು. ಆಮೇಲೆ ಬಾಗಿಲು ತೆರೆಯಿತು. ಅಜ್ಜಿಯ ಕಣ್ಣು ಕೆಂಪಾಗಿತ್ತು, ಬಾಯಿ ಮಾತ್ರ ಎಂದಿನ ಹಾಗೆಯೇ ಇತ್ತು.

"ಬಿಡುದು ಯಾಕೆ? ಹುಲ್ಲು ಹೊತ್ತು ಮೈ ತುರಿಸಿಕೊಂಡು ಬಂದದ್ದು ಸಾಲದಾ? ಕೆಂಪು ಮೆಣಸು ಇಲ್ಲದ್ದು ಹೋದವರಿಗೆ ಮಾತ್ರ ಅಲ್ಲ. ಹುಟ್ಟಿದವರಿಗೂ ಒಂದು ಸಾರು ಉಂಟು."

"ಹುಟ್ಟಿದವರಿಗಾ?"

"ಬಾಳಂತಿ ಸಾರು. ಮಗು ಹೆತ್ತ ತಾಯಿಗೆ ಕೊಡುದು. ಒಳ್ಳೆಮೆಣಸು, ಅದೇ ನಿನ್ನ ಪೆಪ್ಪರ್, ಜೀರಿಗೆ, ಬೆಳ್ಳುಳ್ಳಿ, ತುಪ್ಪ. ನಿನ್ನ ವಿಜಯನಗರದ ರಾಣಿ ಹೆತ್ತಾಗಲೂ ಇದನ್ನೇ ಕುಡಿದಿರ್ತಾಳೆ, ಬರ್ಕೊ ಬೇಕಾದ್ರೆ!"

ತನ್ವಿ ನಿಜವಾಗಿಯೂ ಓಡಿ ಹೋಗಿ ಬರೆದುಕೊಂಡಳು. ರಾಣಿಯ ವಿಷಯ ಬಿಟ್ಟಳು, ಅಷ್ಟೆ. ಮಂಗಳವಾರವೇ ಪಟ್ಟಿ ಮಿಸ್ ಮಾರಿಸೋಲ್ ಕೈ ಸೇರಿತು. ಈ ಸಲ ಒಂದೂ ಗೀಟಿಲ್ಲ!

* * *

ಶುಕ್ರವಾರ ಸ್ಕೂಲಿನಿಂದ ಬಂದ ತನ್ವಿ ಅಜ್ಜಿಯ ಪಕ್ಕ ಕೂತು ಬೆಳ್ಳುಳ್ಳಿ ಸುಲಿದಳು. ಅಜ್ಜಿ ಕುಟ್ಟಾಣಿಯಲ್ಲಿ ಒಳ್ಳೆಮೆಣಸು ಕುಟ್ಟುತ್ತಿದ್ದರು.

"ನೀನು ಹುಟ್ಟುವಾಗ ಇದನ್ನು ಕುಟ್ಟಿ ಕೊಟ್ಟದ್ದು ನಿನ್ನ ಅಜ್ಜ, ಗೊತ್ತುಂಟಾ?" ಎಂದರು ಅಜ್ಜಿ.

"ಅಜ್ಜನಾ? ಅಡುಗೆ ಬರ್ತಿತ್ತಾ ಅವ್ರಿಗೆ?"

"ಎಂತ ಅಡುಗೆ! ನೀರು ಕಾಯಿಸಿದ್ರೆ ನೀರೂ ಸೀದು ಹೋಗ್ತಿತ್ತು. ಆದ್ರೆ ನಿನ್ನಮ್ಮ ದೀಪ್ತಿಯ ತಾಯಿಗೆ ವೀಸಾ ಸಿಗ್ಲಿಲ್ಲ ಅಂತ ಗೊತ್ತಾದದ್ದೇ, 'ನೀನು ಹೊರಡು, ಆ ಹುಡುಗಿ ಅಲ್ಲಿ ಒಬ್ಬಳೇ' ಅಂತ ನಂಗೆ ಟಿಕೆಟ್ ತೆಗೆದ್ರು. ಎರಡು ದಿನ ಕೂತು ಕುಟ್ಟಿದ್ರು. ಸೀನಿ ಸೀನಿ ಮೂಗು ಕೆಂಪು! ಇಲ್ಲಿ ಏರ್‌ಪೋರ್ಟಲ್ಲಿ ಆಫೀಸರ್ ಡಬ್ಬಿ ತೆಗೆದು ಮೂಸಿ ನೋಡಿದ. ಅವನೂ ಆಕ್ಷೀ!"

ತನ್ವಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಕೇಳಿದಳು, "ಅದನ್ನ ಅಮ್ಮ ಒಬ್ಳೇ ಕುಡಿದ್ಳಾ?"

"ನಲವತ್ತು ದಿನ. ಅವಳು ಕುಡಿದದ್ದು ಯಾರ ಹೊಟ್ಟೆಗೆ ಹೋದದ್ದು ಮತ್ತೆ? ಹಾಲು ಕುಡಿದು ಗುಂಡುಗುಂಡಗೆ ಆದದ್ದು ನೀನೇ ಅಲ್ವಾ?"

ಹಲ್ಲು ಬರುವ ಮೊದಲೇ ಸಾರು ತಿಂದಿದ್ದೇನಾ! ತನ್ವಿಗೆ ಸೋಜಿಗವೆನಿಸಿತು. ಆದರೂ ಅದು ಯಾರದೋ ಬೇರೆ ಮಗುವಿನ ಕತೆಯ ಹಾಗೆಯೇ ಕೇಳಿಸಿತು.

* * *

ಶನಿವಾರ ಬೆಳಿಗ್ಗೆ ಪಾರ್ಕಿನ ಗೇಟಿನಲ್ಲಿ ಮಿಸ್ ಮಾರಿಸೋಲ್ ಉದ್ದ ಲಂಗ ತೊಟ್ಟು ನಿಂತಿದ್ದರು. ಒಬ್ಬೊಬ್ಬರನ್ನೇ ನಿಲ್ಲಿಸಿ ಚೆಕಿಂಗು. ಅಜ್ಜಿಯ ಹತ್ತಿ ಸೀರೆ ಪಾಸು. ಹಿತ್ತಾಳೆ ಪಾತ್ರೆ ಪಾಸು. ತೆಂಗಿನ ಚಿಪ್ಪಿನ ಸೌಟನ್ನಂತೂ ಅವರು ಎರಡು ಸಲ ತಿರುಗಿಸಿ ನೋಡಿ, "ವಾವ್!" ಎಂದರು. ಸಾರು ಬಿಸಿಯಾಗಿರಲಿ ಎಂದು ತಂದಿದ್ದ ಫ್ಲಾಸ್ಕು ಮಾತ್ರ ಮೇಜಿನ ಕೆಳಗೆ ಹೋಯಿತು.

ತನ್ವಿಗೆ ಒಂದೇ ಭಯ. ಅಜ್ಜಿ ಕನ್ನಡಕ ಹಾಕಿದ್ದರು. ಸೀರೆಯ ಕೆಳಗೆ ಬಿಳಿ ಸ್ನೀಕರ್ಸು! ಮಂಡಿನೋವಿಗೆ ಡಾಕ್ಟರು ಹೇಳಿದ್ದು.

ಮಿಸ್ ಮಾರಿಸೋಲ್ ನೋಡಿದರು. "ಕಣ್ಣಿಗೆ, ಕಿವಿಗೆ, ಕಾಲಿಗೆ ಬೇಕಾದ್ದಕ್ಕೆಲ್ಲ ಇಲ್ಲಿ ಚೆಕಿಂಗ್ ಇಲ್ಲ," ಎಂದು ಅಜ್ಜಿಗೆ ಕೈ ಮುಗಿದರು. ಅಜ್ಜಿಗೆ ಇಂಗ್ಲಿಷು ಅರ್ಥವಾಗಲಿಲ್ಲ, ಆದರೂ, "ಪರವಾಗಿಲ್ಲ ಈ ಮಹಾತಾಯಿ," ಎಂದರು.

ಸಂತೆ ಶುರುವಾಯಿತು. ಜನರೆಲ್ಲ ಲಿಯಾಮನ ಜೇನುತುಪ್ಪದ ಬ್ರೆಡ್ಡಿಗೆ ಮುಗಿಬಿದ್ದರು. ತನ್ವಿಯ ಮೇಜಿನ ಹತ್ತಿರ ಬಂದವರು ಕಪ್ಪಗಿನ ಸಾರನ್ನು ಬಗ್ಗಿ ನೋಡಿ, ನಕ್ಕು, ಮುಂದೆ ಹೋದರು. ಒಂದು ಗಂಟೆಯಲ್ಲಿ ಖಾಲಿಯಾದದ್ದು ಮೂರೇ ಮಣ್ಣಿನ ಲೋಟ. ಅದರಲ್ಲಿ ಒಂದು ಅಮ್ಮನದು!

"ಯಾರಿಗೂ ಬೇಡ ಅಜ್ಜಿ," ಎಂದಳು ತನ್ವಿ.

ಅಜ್ಜಿ ಅವಳ ಮಾತು ಕೇಳಿಸಿಕೊಳ್ಳಲೇ ಇಲ್ಲ. ಅವರ ಕಣ್ಣು ಮರದ ಕೆಳಗೆ ನಿಂತಿದ್ದ ಒಬ್ಬ ಹೆಂಗಸಿನ ಮೇಲಿತ್ತು. ಎದೆಗೆ ಕಟ್ಟಿಕೊಂಡಿದ್ದ ಬಟ್ಟೆಯಲ್ಲಿ ಪುಟಾಣಿ ಮಗು. ಕೂದಲು ಕೆದರಿತ್ತು, ಕಣ್ಣಿನ ಸುತ್ತ ಕಪ್ಪು. ನಿಂತಲ್ಲೇ ತೂಗುತ್ತ ನಿದ್ದೆಯಲ್ಲಿರುವ ಹಾಗೆ ಕಾಣುತ್ತಿದ್ದಳು.

"ತನ್ವಿ, ಎಷ್ಟು ದಿನದ ಮಗು ಕೇಳು ಹೋಗು."

ತನ್ವಿ ಕೇಳಿ ಬಂದಳು. "ಫೈವ್ ವೀಕ್ಸ್ ಅಂತೆ."

"ಅಯ್ಯೋ ದೇವರೇ! ಹಸಿ ಬಾಳಂತಿ! ಈ ಗಾಳಿಯಲ್ಲಿ ನಿಲ್ಲಿಸಿದ್ದಾರಲ್ಲ, ಇವಳಿಗೆ ಹೇಳುವವರು ಕೇಳುವವರು ಯಾರೂ ಇಲ್ವಾ? ಕರೆ, ಕರೆ!"

ಹೆಂಗಸು ಬಂದಳು. ಅಜ್ಜಿ ಒಂದೂ ಇಂಗ್ಲಿಷ್ ಪದವಿಲ್ಲದೆ ಅವಳನ್ನು ತಮ್ಮ ಸ್ಟೂಲಿನ ಮೇಲೆ ಕೂರಿಸಿದರು. ಹೆಂಗಸಿನ ಹೆಗಲ ಮೇಲಿದ್ದ ತೆಳು ಬಟ್ಟೆ ತೆಗೆದು ಅವಳ ತಲೆಗೆ, ಕಿವಿಗೆ ಸುತ್ತಿ ಬಿಗಿಯಾಗಿ ಗಂಟು ಹಾಕಿದರು. ತನ್ವಿಗೆ ನಾಚಿಕೆಯಿಂದ ಸಾಯುವ ಹಾಗಾಯಿತು. ಯಾರಾದರೂ ಗುರುತಿಲ್ಲದವರ ತಲೆಗೆ ಬಟ್ಟೆ ಕಟ್ಟುತ್ತಾರಾ!

ಅಷ್ಟರಲ್ಲಿ ಮಿಸ್ ಮಾರಿಸೋಲ್ ಆ ಕಡೆಯಿಂದ ಬಂದರು. ಹೆಂಗಸಿನ ತಲೆ ನೋಡಿ ನಿಂತೇಬಿಟ್ಟರು. "ಇಡೀ ಸಂತೆಯಲ್ಲಿ ಇಷ್ಟು ಸರಿಯಾಗಿ ತಲೆಬಟ್ಟೆ ಕಟ್ಟಿದವರು ಯಾರೂ ಇಲ್ಲ! ಆರುನೂರು ವರ್ಷದ ಹಿಂದಿನ ಚಿತ್ರದಿಂದ ಎದ್ದು ಬಂದ ಹಾಗಿದೆ!"

ಹೆಂಗಸು ಸಾರು ಕುಡಿದಳು. ಒಂದು ಗುಟುಕು, ಇನ್ನೊಂದು. ಅಜ್ಜಿ ಲೋಟ ಮತ್ತೆ ತುಂಬಿಸಿ, ಮಗುವನ್ನು ತಾವು ಎತ್ತಿಕೊಂಡು ಪಕ್ಕದ ಬೆಂಚಿನ ಮೇಲೆ ಕೂತರು. ಹೆಂಗಸು ಎರಡನೇ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ಇದ್ದಕ್ಕಿದ್ದ ಹಾಗೆ ಅಳಲು ಶುರುಮಾಡಿದಳು.

ತನ್ವಿ ಗಾಬರಿಯಾದಳು. "ಖಾರ ಆಯ್ತಾ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಇಲ್ಲ, ಇಲ್ಲ. ಮಗು ಹುಟ್ಟಿದ ಮೇಲೆ ಎಲ್ಲರೂ ಮಗುವನ್ನೇ ನೋಡ್ತಾರೆ. ನನ್ನನ್ನು ಯಾರೂ ಹೀಗೆ ಕೂರಿಸಿರಲಿಲ್ಲ. ನನ್ನಮ್ಮ ತುಂಬ ದೂರ ಇದ್ದಾಳೆ. ನಿಮ್ಮಜ್ಜಿಗೆ ನನ್ನ ಥ್ಯಾಂಕ್ಸ್ ಹೇಳು ಪ್ಲೀಸ್."

ತನ್ವಿ ಹೇಳಿದಳು.

"ಬಾಳಂತಿ ಥ್ಯಾಂಕ್ಸ್ ಹೇಳ್ಲಿಕ್ಕಿಲ್ಲ," ಎಂದರು ಅಜ್ಜಿ. "ಹೊಟ್ಟೆ ತುಂಬ ಕುಡಿದ್ರೆ ಸಾಕು ಅಂತ ಹೇಳು."

ಹಿಂದೆ ನಿಂತಿದ್ದ ಅಮ್ಮ ಮೆಲ್ಲಗೆ ಕಣ್ಣೊರೆಸಿಕೊಂಡಳು. "ನಂಗೂ ಇದನ್ನೇ ಹೇಳಿದ್ರು ಅತ್ತೆ," ಎಂದಳು. "ಇದೇ ಥರ ಕೂರಿಸಿ."

ತನ್ವಿ ಅಮ್ಮನನ್ನು ನೋಡಿದಳು. ಸ್ಟೂಲಿನ ಮೇಲೆ ಕೂತಿದ್ದ ಹೆಂಗಸನ್ನು ನೋಡಿದಳು. ಆಮೇಲೆ ಅಜ್ಜಿಯ ತೋಳಿನಲ್ಲಿ ಬಾಯಿ ತೆರೆದು ಮಲಗಿದ್ದ ಮಗುವನ್ನು ನೋಡುತ್ತಲೇ ಇದ್ದಳು. ಎಷ್ಟು ಚಿಕ್ಕದು! ತಲೆ ಒಂದು ಕಡೆ ವಾಲದ ಹಾಗೆ ಅಜ್ಜಿಯ ಅಂಗೈ ಅದರ ಕೆಳಗಿತ್ತು.

ಅದು ಯಾರದೋ ಕತೆ ಅಲ್ಲ. ಒಮ್ಮೆ ಆ ಅಂಗೈಯಲ್ಲಿ ಮಲಗಿದ್ದವಳು ತಾನೇ. ಅಜ್ಜ ಸೀನುತ್ತ ಕುಟ್ಟಿದ ಪುಡಿ, ಅಜ್ಜಿ ನಲವತ್ತು ದಿನ ಕುದಿಸಿದ ಸಾರು, ಅಷ್ಟೂ ತನಗೇ. ಒಮ್ಮೆಯೂ ಯಾರೂ ಅದಕ್ಕೆ ಥ್ಯಾಂಕ್ಸ್ ಕೇಳಿರಲಿಲ್ಲ. ತನ್ವಿಯ ಮೂಗು ಚುರುಗುಟ್ಟಿತು. ಒಳ್ಳೆಮೆಣಸಿನ ಘಾಟು ಎಂದುಕೊಂಡಳು.

ಹೆಂಗಸು ಅತ್ತದ್ದನ್ನೂ ಲೋಟ ಖಾಲಿ ಮಾಡಿದ್ದನ್ನೂ ನೋಡಿದ ಜನ ಒಬ್ಬೊಬ್ಬರೇ ಮೇಜಿನ ಹತ್ತಿರ ಬಂದರು. ಒಬ್ಬರ ಹಿಂದೆ ಒಬ್ಬರು ನಿಂತು ದೊಡ್ಡ ಸಾಲೇ ಆಯಿತು. ಅಜ್ಜಿ ಮಗುವನ್ನು ತಾಯಿಗೆ ಕೊಟ್ಟು ಏಳಲು ಹೊರಟರು.

"ಏಳ್ಬೇಡ ಅಜ್ಜಿ," ಎಂದಳು ತನ್ವಿ. "ನೀನು ಕೂತ್ಕೊ. ನಾನು ಬಡಿಸ್ತೀನಿ."

"ಬಿಸಿ ಉಂಟು ಮಗಾ, ಕೈ ಸುಡ್ತದೆ."

"ಪರವಾಗಿಲ್ಲ."

ಮೊದಲನೇ ಲೋಟ ತುಂಬಿಸಿ, ಊದಿ, ಅವಳು ಅಜ್ಜಿಯ ಕೈಗೆ ಕೊಟ್ಟಳು. ಅಜ್ಜಿ ಅವಳ ಮುಖ ನೋಡಿದರು. ಲೋಟ ತೆಗೆದುಕೊಂಡು ಕುಡಿದರು.

ಸಾಲಿನ ಮುಂದಿದ್ದ ತಾತ ಬಗ್ಗಿ ಕೇಳಿದರು, "ಏನಮ್ಮಾ ಇದು?"

ಅದಕ್ಕೆ ಉತ್ತರ ಹೇಳಲು ತನ್ವಿ ಒಂದು ಕಾರ್ಡು ಬರೆದು ತಂದಿದ್ದಳು. ವಿಜಯನಗರ, ಇಸವಿ, ಸಾಮಾನು, ಎಲ್ಲ ಅದರಲ್ಲಿತ್ತು. ಅವಳು ಕಾರ್ಡು ನೋಡಲಿಲ್ಲ.

"ಯಾರಾದರೂ ಹುಟ್ಟಿದಾಗ ಮಾಡುವ ಸಾರು," ಎಂದಳು. "ನಾನು ಹುಟ್ಟಿದಾಗ ನಮ್ಮಜ್ಜಿ ಮಾಡಿದ್ದು."

ಹೇಳಿ, ಲೋಟವನ್ನು ಅವರ ಕೈಗೆ ಜೋಪಾನವಾಗಿ ಕೊಟ್ಟಳು.